ಮಲ್ಲಿಕಾರ್ಜುನ ಮನಸೂರರೂ ಅವರ ಕಚೇರಿಯ ಧ್ವನಿಮುದ್ರಣಗಳೂ

ಶಿಲ್ಪಿ ಗತಿಸಿದರೂ ಅವನ ಶಿಲ್ಪ ಉಳಿಯುತ್ತದೆ. ಕವಿ ಗತಿಸಿದರೂ ಅವನ ಕಾವ್ಯ ಉಳಿಯುತ್ತದೆ. ಹಂಪೆಯ ಕಂಬಗಳನ್ನು ಕೆತ್ತಿದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಆದರೂ ಅವರ ಕೈಗೆಲಸವನ್ನು ಇಂದಿಗೂ ಮುಟ್ಟಿ ನೋಡಬಹುದು. ಗಾಯಕನ ಪಾಡು ಹಾಗಲ್ಲ. ಅವನ ಉಸಿರೇ ಅವನ ಸಾಮಗ್ರಿ. ಉಸಿರು ನಿಂತ ದಿನವೇ ಅವನ ಕಲೆಯೂ ಗಾಳಿಯಲ್ಲಿ ಕರಗಿಹೋಗುತ್ತಿದ್ದಿತು. ತಾನಸೇನನ ಹಾಡುಗಾರಿಕೆ ಹೇಗಿದ್ದಿತೆಂದು ಇಂದು ಯಾರೂ ಹೇಳಲಾರರು. ಈ ನಷ್ಟಕ್ಕೆ ತಡೆ ಬಿದ್ದದ್ದು ಧ್ವನಿಯನ್ನು ಹಿಡಿದಿಡುವ ಯಂತ್ರ ಬಂದ ಮೇಲೆ. ನಮ್ಮ ದೇಶದಲ್ಲಿ 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಗ್ರಾಮಾಫೋನಿನ ಮುಂದೆ ಹಾಡಿದರು. ಆಕೆಯೇ ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರೆಂಬುದು ಕನ್ನಡಿಗರಾದ ನಮಗೆ ನೆನಪಿರಬೇಕಾದ ಸಂಗತಿ.

ಹೀಗೆ ಧ್ವನಿಮುದ್ರಣದ ಮೂಲಕ ನಮಗೆ ಉಳಿದು ಬಂದ ಮಹಾಗಾಯಕರಲ್ಲಿ ಮಲ್ಲಿಕಾರ್ಜುನ ಮನಸೂರರು ಒಬ್ಬರು. ಅವರು ತೀರಿಹೋದ ಹತ್ತಾರು ವರ್ಷಗಳ ಮೇಲೆ ಹುಟ್ಟಿದ ನಾನು ಅವರನ್ನು ಕಂಡವನಲ್ಲ. ನನ್ನ ಪಾಲಿಗೆ ದೊರೆತದ್ದು ಅವರ ಕಚೇರಿಗಳ ಧ್ವನಿಮುದ್ರಣ ಮಾತ್ರ. ಆದುದರಿಂದ ಅವರ ಜೀವನವನ್ನು ಹೇಳುವಾಗ, ಕಿರಿದಾದ ಗ್ರಾಮಾಫೋನ್ ತಟ್ಟೆಯಿಂದ ಹಿರಿದಾದ ಕಚೇರಿಯವರೆಗೆ ಅವರ ದನಿ ನಡೆದು ಬಂದ ದಾರಿಯನ್ನೂ ಜೊತೆಯಲ್ಲಿಯೇ ಹೇಳುವುದು ಉಚಿತವೆಂದು ಭಾವಿಸಿದ್ದೇನೆ.

ಧಾರವಾಡದ ಪಶ್ಚಿಮಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಮನಸೂರು ಎಂಬ ಹಳ್ಳಿಯಿದೆ. ಅಲ್ಲಿ 1910ನೆಯ ಇಸವಿ ಡಿಸೆಂಬರ್ 31ರಂದು ಮಲ್ಲಿಕಾರ್ಜುನರು ಜನಿಸಿದರು. ತಂದೆ ಭೀಮರಾಯಪ್ಪನವರು, ತಾಯಿ ನೀಲಮ್ಮನವರು. ಒಕ್ಕಲುತನದ ಮನೆ, ಮಕ್ಕಳು ಬಹಳ. ತಂದೆಗೆ ಸಂಗೀತದಲ್ಲಿ ಪ್ರೀತಿಯಿದ್ದಿತು. ತಾಯಿಯ ಬಾಯಲ್ಲಿ ಹಾಡುಗಳಿದ್ದವು. ಆದರೆ ಮನೆತನದಲ್ಲಿ ಹಿಂದೆ ಯಾರೂ ವಿದ್ವಾಂಸರಾದವರಲ್ಲ. ರಾಜಾಶ್ರಯವಾಗಲಿ, ಘರಾಣೆಯ ಹಿರಿಮೆಯಾಗಲಿ ಅವರ ಬೆನ್ನಿಗಿರಲಿಲ್ಲ. ನಮ್ಮ ಅರಸೀಕೆರೆ, ಉಚ್ಚಂಗಿದುರ್ಗ, ಹರಪನಹಳ್ಳಿಗಳ ಸುತ್ತಿನ ಯಾವುದೇ ರೈತನ ಮನೆಯಲ್ಲಿ ಹುಟ್ಟುವ ಹುಡುಗನಂತೆಯೇ ಅವರೂ ಹುಟ್ಟಿದರು.

ಆ ಕಾಲದಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಮಕ್ಕಳಿಗೆ ಸಂಗೀತದ ಬಾಗಿಲು ತೆರೆಯುತ್ತಿದ್ದುದು ನಾಟಕ ಕಂಪನಿಗಳ ಮೂಲಕ. ಜಾತ್ರೆ ನಡೆದಲ್ಲಿ ಕಂಪನಿ ಬೀಡುಬಿಡುತ್ತಿದ್ದಿತು. ಪಾತ್ರಧಾರಿಗೆ ಮಾತು ಬಾರದಿದ್ದರೂ ನಡೆದೀತು, ಹಾಡು ಬಾರದಿದ್ದರೆ ನಡೆಯದು. ಕೊಟ್ಟೂರಿನ ತೇರಿನ ಕಾಲಕ್ಕೆ ಬಂದ ಕಂಪನಿಯ ನಾಟಕಗಳನ್ನು ಬೆಳಗಿನವರೆಗೆ ನೋಡಿದ ಹಿರಿಯರು ನಮ್ಮ ಕಡೆ ಈಗಲೂ ಇದ್ದಾರೆ. ಅವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲ್ಲಿಕಾರ್ಜುನರ ಅಣ್ಣ ಬಸವರಾಜರು ನಾಟಕದವರು. ಅವರ ಬೆನ್ನು ಹಿಡಿದು ತಮ್ಮನೂ ಒಂಬತ್ತು ವರ್ಷದ ಎಳೆಯ ವಯಸ್ಸಿನಲ್ಲಿಯೇ ರಂಗವನ್ನೇರಿದನು. ಶಾಲೆಯ ಓದು ಅಲ್ಲಿಗೆ ಹಿಂದೆ ಬಿದ್ದಿತು. ದನಿ ಮುಂದೆ ಬಂದಿತು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ, ಧ್ವನಿವರ್ಧಕದ ಹಂಗಿಲ್ಲದೆ ಕಟ್ಟಕಡೆಯ ಚಾಪೆಯವನಿಗೂ ಕೇಳುವಂತೆ ಹಾಡಬೇಕಾದ ರಂಗಭೂಮಿಯೇ ಅವರ ಮೊದಲನೆಯ ಪಾಠಶಾಲೆ.

ಗುರುಗಳ ವಿಷಯದಲ್ಲಿ ಮನಸೂರರ ಭಾಗ್ಯ ದೊಡ್ಡದು. ಮೊದಲು ಅಪ್ಪಯ್ಯಸ್ವಾಮಿಗಳೆಂಬವರಲ್ಲಿ ಕರ್ನಾಟಕ ಸಂಗೀತದ ಅಭ್ಯಾಸ. ಬಳಿಕ ಮಿರಜಿಯ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಹಿಂದುಸ್ತಾನೀ ಶಿಕ್ಷಣ. ಇಲ್ಲಿ ಸ್ವರಕ್ಕೆ ಭದ್ರವಾದ ಅಡಿಗಲ್ಲು ಬಿದ್ದಿತು. ಪ್ರಸಿದ್ಧ ರಾಗಗಳೂ ಅವುಗಳ ಚೀಜುಗಳೂ ಬಾಯಿಗೆ ಕುಳಿತವು. ಇಷ್ಟಕ್ಕೆ ತೃಪ್ತರಾಗಿದ್ದರೆ ಅವರು ಒಳ್ಳೆಯ ಗಾಯಕರೆನಿಸಿಕೊಳ್ಳುತ್ತಿದ್ದರು, ಅಷ್ಟೆ. ಅವರನ್ನು ಮಹಾಗಾಯಕರನ್ನಾಗಿ ಮಾಡಿದ್ದು ಮೂರನೆಯ ಘಟ್ಟ.

ಕೊಲ್ಲಾಪುರದ ಶಾಹು ಮಹಾರಾಜರ ಆಸ್ಥಾನದಲ್ಲಿದ್ದ ಉಸ್ತಾದ ಅಲ್ಲಾದಿಯಾ ಖಾನರು ಜೈಪುರ-ಅತ್ರೌಲಿ ಘರಾಣೆಯ ಮೂಲಪುರುಷರು. ಪ್ರಾಯದಲ್ಲಿಯೇ ಅವರ ಕಂಠ ಕೆಟ್ಟಿತು. ಎದೆಗುಂದದೆ, ಒಡೆದ ದನಿಗೆ ಒಪ್ಪುವಂತೆ ಹೊಸದೊಂದು ಗಾಯನಕ್ರಮವನ್ನು ಅವರು ಕಟ್ಟಿಕೊಂಡರು. ಅವರ ಮಗ ಮಂಜೀಖಾನರಲ್ಲಿ ಮನಸೂರರು ಶಿಷ್ಯರಾಗಿ ಸೇರಿದರು. ಆದರೆ ಆ ಗುರುವಿನ ಸಹವಾಸ ಬಹುಕಾಲ ದಕ್ಕಲಿಲ್ಲ; 1937ರಲ್ಲಿ ಮಂಜೀಖಾನರು ಅಕಾಲದಲ್ಲಿ ತೀರಿಕೊಂಡರು. ದಾರಿ ನಡುವೆ ನಿಂತ ಶಿಷ್ಯನನ್ನು ಮಂಜೀಖಾನರ ತಮ್ಮ ಭೂರ್ಜೀಖಾನರು ಕೈಹಿಡಿದು ಮುಂದೆ ನಡೆಸಿದರು. ಧಾರವಾಡದ ಲಿಂಗಾಯತ ಒಕ್ಕಲಿನ ಮನೆಯ ಹುಡುಗನೊಬ್ಬನಿಗೆ ಮುಸಲ್ಮಾನ ಗುರುಗಳು ತಮ್ಮ ವಂಶದ ಗುಟ್ಟಿನ ಧನವನ್ನೇ ಒಪ್ಪಿಸಿದರು. ಶಿಷ್ಯನು ಅದನ್ನು ಕೊನೆಯ ಉಸಿರಿನವರೆಗೆ ಕಾಪಾಡಿದನು. ವಿದ್ಯೆಗೆ ಜಾತಿಯಿಲ್ಲವೆಂಬ ಮಾತನ್ನು ನಾವು ಸಭೆಗಳಲ್ಲಿ ಬಹಳ ಕೇಳುತ್ತೇವೆ. ಇಲ್ಲಿ ಅದು ನಡೆದು ತೋರಿದೆ.

ಈ ಘರಾಣೆಯ ವಿಶೇಷವೇನೆಂಬುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಇಲ್ಲಿ ಗಾಯಕನು ತಾಳವನ್ನು ಬದಿಗಿಟ್ಟು ಬಹಳ ಹೊತ್ತು ಆಲಾಪ ಮಾಡುವುದಿಲ್ಲ. ಬೇಗನೆ ಚೀಜನ್ನು ಎತ್ತಿಕೊಳ್ಳುತ್ತಾನೆ. ರಾಗದ ವಿಸ್ತಾರವೆಲ್ಲ ತಬಲೆಯ ನಡೆಯೊಳಗೇ ಸಾಗುತ್ತದೆ. ತ್ರಿತಾಳವಾದರೆ 16 ಮಾತ್ರೆಗಳ ಒಂದು ಸುತ್ತು. ಒಂದು ಸ್ವರಗುಚ್ಛದಿಂದ ಮತ್ತೊಂದು ಬಳ್ಳಿಯಂತೆ ಹಬ್ಬುತ್ತ, ಉಸಿರು ಕಡಿಯದೆ, ಸುತ್ತಿನ ಮೊದಲ ಪೆಟ್ಟಾದ ಸಮ್ಮಿಗೆ ಬಂದು ಮುಟ್ಟಬೇಕು. ಇನ್ನೊಂದು ವಿಶೇಷವೆಂದರೆ ಅಪರೂಪದ ರಾಗಗಳು ಮತ್ತು ಎರಡು ಮೂರು ರಾಗಗಳು ಬೆರೆತ ಜೋಡುರಾಗಗಳು. ಮಾಲಕಂಸವನ್ನೇ ತೆಗೆದುಕೊಳ್ಳಿರಿ. ಕರ್ನಾಟಕ ಪದ್ಧತಿಯ ಹಿಂದೋಳಕ್ಕೆ ಸಮಾನವಾದ ಈ ರಾಗದಲ್ಲಿ ರಿಷಭ ಪಂಚಮಗಳಿಲ್ಲ, ಐದೇ ಸ್ವರ. ಜೈಪುರದವರು ಹಾಡುವ ಸಂಪೂರ್ಣ ಮಾಲಕಂಸದಲ್ಲಿ ಆ ಎರಡು ಸ್ವರಗಳೂ ಬರುತ್ತವೆ, ಆದರೂ ಮಾಲಕಂಸದ ಮುಖ ಕೆಡಬಾರದು. ಪರಿಚಯದ ಮನೆಗೆ ಹೊಸ ಎರಡು ಬಾಗಿಲುಗಳನ್ನಿಟ್ಟೂ ಮನೆಯ ಗುರುತು ಉಳಿಸಿದ ಹಾಗೆ. ಇಂತಹ ಕಠಿಣ ರಾಗಗಳು ಮನಸೂರರಿಗೆ ಕರತಲಾಮಲಕವಾಗಿದ್ದವು. ಶಿವಮತ ಭೈರವ, ಖಟ್, ಲಚ್ಚಾಸಾಖ್, ಬಹಾದ್ದೂರಿ ತೋಡಿ ಮುಂತಾದ ಹೆಸರುಗಳನ್ನು ಸಾಮಾನ್ಯ ಶ್ರೋತೃಗಳು ಅವರಿಂದಲೇ ಕೇಳಿ ತಿಳಿದರೆಂದರೆ ತಪ್ಪಾಗದು.

ಇನ್ನು ಧ್ವನಿಮುದ್ರಣದ ಮಾತಿಗೆ ಬರೋಣ. ಮನಸೂರರು ಯುವಕರಾಗಿದ್ದ ಮೂವತ್ತರ ದಶಕದಲ್ಲಿಯೇ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಗಾಗಿ ಹಾಡಿದರು. ಗೌಡ ಮಲ್ಹಾರ, ಅಡಾಣಾ ರಾಗಗಳ ಅವರ ತಟ್ಟೆಗಳು ಹೆಸರು ಪಡೆದವು. ಮುಂದೆ ಅದೇ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿಯೂ ಅವರು ಕೆಲಸ ಮಾಡಿದರು. ಆ ತಟ್ಟೆಗಳು ಅರಗಿನವು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು 3 ನಿಮಿಷದ ಹಾಡು. ಒಂದು ಗಂಟೆ ಹಬ್ಬಬೇಕಾದ ರಾಗವನ್ನು ಮೂರು ನಿಮಿಷಕ್ಕೆ ಕುಗ್ಗಿಸಬೇಕು. ಕೆಮ್ಮಬಾರದು, ತಡೆಯಬಾರದು, ಹೊಳೆದ ಹೊಸ ದಾರಿಯನ್ನು ಹಿಡಿಯಬಾರದು. ಮುಂದೆ ಕುಳಿತವರು ಯಾರೂ ಇಲ್ಲ, ಇರುವುದು ಯಂತ್ರ. ಕೊಳಗದಲ್ಲಿ ಕೆರೆಯನ್ನು ತುಂಬುವ ಕೆಲಸವದು. ಆದರೂ ಆ ಚಿಕ್ಕ ತಟ್ಟೆಗಳು ದೊಡ್ಡ ಉಪಕಾರ ಮಾಡಿದುವು. ಕಚೇರಿಗೆ ಕರೆಯಿಲ್ಲದವರು, ಹೋಗಲು ಹಣವಿಲ್ಲದವರು ಚಹದಂಗಡಿಯ ಮುಂದೆ ನಿಂತು ದೊಡ್ಡವರ ದನಿ ಕೇಳುವಂತಾಯಿತು.

ಎಲ್ಲ ಉಸ್ತಾದರೂ ಈ ಯಂತ್ರಕ್ಕೆ ಒಲಿದವರಲ್ಲ. ಅಲ್ಲಾದಿಯಾ ಖಾನರು 1946ರವರೆಗೆ ಬದುಕಿದ್ದರು. ಗ್ರಾಮಾಫೋನು ಊರೂರಿಗೆ ಹರಡಿದ್ದನ್ನು ಕಣ್ಣಾರೆ ಕಂಡರು. ಆದರೂ ಅವರ ಗಾಯನದ ತಟ್ಟೆ ಒಂದೂ ನಮಗೆ ಉಳಿದಿಲ್ಲ. ಇಷ್ಟು ದೊಡ್ಡ ಪದ್ಧತಿಯನ್ನು ಕಟ್ಟಿದವರ ದನಿ ನಮಗಿಲ್ಲ. ಅದರ ನೆರಳನ್ನು ಶಿಷ್ಯಪ್ರಶಿಷ್ಯರ ಗಾಯನದಲ್ಲಿಯೇ ಹುಡುಕಬೇಕು. ಇದನ್ನು ನೆನೆದಾಗ ಮನಸೂರರ ಕಚೇರಿಗಳು ಮುದ್ರಿತವಾಗಿ ಉಳಿದದ್ದು ಎಂತಹ ಸುಯೋಗವೆಂಬುದು ಅರಿವಾಗುತ್ತದೆ.

ಆ ಸುಯೋಗಕ್ಕೆ ಕಾರಣಗಳು ಎರಡು: ಒಂದು ಆಕಾಶವಾಣಿ, ಇನ್ನೊಂದು ಟೇಪು. ಧಾರವಾಡದಲ್ಲಿ 1950ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಮನಸೂರರು ಅದರ ಸಂಗೀತ ಸಲಹೆಗಾರರಾಗಿ ಸೇವೆ ಸಲ್ಲಿಸಿದರು. ಕಾಂತಪಟ್ಟಿಯ ಟೇಪು ಬಂದ ಮೇಲೆ ಮೂರು ನಿಮಿಷದ ಕಟ್ಟು ಹರಿಯಿತು. ಕಚೇರಿ ನಡೆದಷ್ಟು ಹೊತ್ತೂ ಯಂತ್ರ ಒಂದು ಮೂಲೆಯಲ್ಲಿ ತನ್ನ ಪಾಡಿಗೆ ಸುತ್ತುತ್ತಿದ್ದಿತು. ಗಾಯಕನು ಅದರ ಕಡೆ ನೋಡಬೇಕಾಗಿರಲಿಲ್ಲ, ಶ್ರೋತೃಗಳ ಕಡೆ ನೋಡಿದರೆ ಸಾಕು. ಯಂತ್ರಕ್ಕಾಗಿ ಹಾಡುವುದು ಬೇರೆ, ಜನರ ಮುಂದೆ ಹಾಡಿದ್ದನ್ನು ಯಂತ್ರ ಹಿಡಿಯುವುದು ಬೇರೆ. ಈ ಭೇದ ನಮ್ಮ ಸಂಗೀತಕ್ಕೆ ಮಾತ್ರವಲ್ಲ. ನನ್ನ ಕೆಲವು ಗೆಳೆಯರಿಗೆ ಪಾಶ್ಚಾತ್ಯರ ರಾಕ್, ಹೆವಿ ಮೆಟಲ್ ಗೋಷ್ಠಿಗಳ ಹುಚ್ಚು. ಇಂಗ್ಲೆಂಡಿನ ಡೀಪ್ ಪರ್ಪಲ್ ಎಂಬ ತಂಡ 1972ರಲ್ಲಿ ಜಪಾನಿನ ಒಸಾಕಾ, ಟೋಕಿಯೊ ನಗರಗಳಲ್ಲಿ ನಡೆಸಿದ ಕಚೇರಿಗಳ ಮುದ್ರಿಕೆಯನ್ನು ಅವರು ಇಂದಿಗೂ ಕೊಂಡಾಡುತ್ತಾರೆ; ಸಭಿಕರ ಕೂಗು ಬೆರೆತ ಆ ಹಾಡುಗಳಲ್ಲಿರುವ ಕಾವು ಕೋಣೆಯೊಳಗೆ ಕುಳಿತು ಮುದ್ರಿಸಿದ ಅವೇ ಹಾಡುಗಳಲ್ಲಿಲ್ಲವೆಂದು ವಾದಿಸುತ್ತಾರೆ. ಆ ಗದ್ದಲ ನನಗೆ ಅಷ್ಟಾಗಿ ಹಿಡಿಸದು. ಅವರ ವಾದವನ್ನು ಮಾತ್ರ ಒಪ್ಪುತ್ತೇನೆ.

ಮನಸೂರರ ಕಚೇರಿಯ ಮುದ್ರಣವೊಂದನ್ನು ಕೇಳಿ ನೋಡಿರಿ. ಮೊದಲು ತಂಬೂರಿಗಳ ಝೇಂಕಾರ. ತಬಲೆಯ ಸುತ್ತಿಗೆಯ ಟಿಕ್ ಟಿಕ್ ಸದ್ದು. ಯಾರೋ ಸರಿದು ಕೂರುತ್ತಾರೆ. ವೃದ್ಧರೊಬ್ಬರು ಗಂಟಲು ಸರಿಪಡಿಸಿಕೊಳ್ಳುತ್ತಾರೆ. ಈ ಮುಪ್ಪಿನ ಗಂಟಲು ಏನು ಹಾಡೀತೆಂದು ಅನ್ನಿಸುವಷ್ಟರಲ್ಲಿ ಷಡ್ಜ ಹೊರಡುತ್ತದೆ. ಆ ಒಂದೇ ಸ್ವರಕ್ಕೆ ಇಡೀ ಸಭೆ ನಿಶ್ಶಬ್ದವಾಗುತ್ತದೆ. ಪೀಠಿಕೆಯಿಲ್ಲ, ಆಡಂಬರವಿಲ್ಲ, ನೇರವಾಗಿ ರಾಗದ ನಡುಮನೆಗೇ ಕರೆದೊಯ್ಯುತ್ತಾರೆ. ತಾನಗಳು ಒಂದರ ಬಾಲವನ್ನು ಇನ್ನೊಂದು ಹಿಡಿದಂತೆ ಬರುತ್ತವೆ. ಇನ್ನು ಉಸಿರು ಮುಗಿಯಿತು, ಸಮ್ಮು ತಪ್ಪಿತು ಎನ್ನುವಾಗ ಎಲ್ಲಿಂದಲೋ ತಿರುಗಿ ಸಮ್ಮಿನ ಮೇಲೆ ಬಂದು ನಿಲ್ಲುತ್ತಾರೆ. ಆಗ ಮುಂದೆ ಕುಳಿತವರ ಬಾಯಿಂದ ತಾನಾಗಿಯೇ ವಾಹ್ ಎಂಬ ಉದ್ಗಾರ ಹೊರಡುತ್ತದೆ. ಆ ಉದ್ಗಾರವನ್ನು ಕೇಳಿ ಗಾಯಕನು ಮತ್ತೆ ಅದೇ ಜಾಗಕ್ಕೆ ಬೇರೊಂದು ದಾರಿಯಿಂದ ಬರುತ್ತಾನೆ. ಸಭಿಕರೂ ಹಾಡನ್ನು ಬೆಳೆಸುತ್ತಾರೆಂಬುದು ಇಲ್ಲಿ ಕಿವಿಗೆ ಕಾಣುತ್ತದೆ. ಕೆಮ್ಮು, ತಡೆ, ಗಾಳಿಯ ಸದ್ದು ಎಲ್ಲವೂ ಅದರಲ್ಲಿವೆ, ಯಾವುದನ್ನೂ ತೆಗೆದುಹಾಕಬೇಕೆನ್ನಿಸುವುದಿಲ್ಲ.

ಈ ಸಂಗೀತ ಓದಿದವರ, ಪೇಟೆಯವರ, ಉಳ್ಳವರ ಸೊತ್ತೆಂಬ ಭಾವನೆ ನಮ್ಮ ಕಡೆ ಬಲವಾಗಿದೆ. ಅದು ಎಷ್ಟರ ಮಟ್ಟಿಗೆ ನಿಜವೆಂಬುದಕ್ಕೆ ನಮ್ಮ ಮನೆಯದೊಂದು ಸಂಗತಿಯನ್ನು ಹೇಳುತ್ತೇನೆ. ಕಳೆದ ಸುಗ್ಗಿಯಲ್ಲಿ ಮೆಕ್ಕೆಜೋಳದ ರಾಶಿಯನ್ನು ಒಣಹಾಕಿ ರಾತ್ರಿ ಕಾಯುತ್ತಿದ್ದಾಗ ನಾನು ಮೊಬೈಲಿನಲ್ಲಿ ಮನಸೂರರ ಕಚೇರಿಯೊಂದನ್ನು ಹಚ್ಚಿದ್ದೆ. ಪಕ್ಕದಲ್ಲಿ ನಮ್ಮ ತಂದೆಯವರಿದ್ದರು. ಅವರು ಶಾಲೆಯ ಮುಖ ಕಂಡವರಲ್ಲ. ಶ್ರಾವಣದಲ್ಲಿ ಊರಿನ ಭಜನಾ ಮೇಳದಲ್ಲಿ ತಾಳ ಹಾಕುವುದೊಂದೇ ಅವರ ಸಂಗೀತವಿದ್ಯೆ. ರಾಗದ ಹೆಸರನ್ನು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ನಾಲ್ಕಾರು ಸುತ್ತು ಕಳೆಯುವಷ್ಟರಲ್ಲಿ ಅವರ ಕೈ ತೊಡೆಯ ಮೇಲೆ ಸರಿಯಾಗಿ ಸಮ್ಮಿಗೆ ಬೀಳತೊಡಗಿತು. ಮುಗಿದ ಮೇಲೆ ಹಾಡಿದವರು ಯಾವ ಊರಿನವರೆಂದು ವಿಚಾರಿಸಿದರು. ಧಾರವಾಡದ ಹತ್ತಿರದ ಹಳ್ಳಿಯವರು, ಒಕ್ಕಲುತನದ ಮನೆಯವರು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೊಮ್ಮೆ ಮೊದಲಿನಿಂದ ಹಚ್ಚಲು ಹೇಳಿದರು. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವನು ನಾನೇ ಮೊದಲಿಗ. ಆದರೆ ಆ ರಾತ್ರಿ ಹಾಡನ್ನು ಕೇಳುವ ವಿದ್ಯೆಯಲ್ಲಿ ನನಗಿಂತ ಅವರೇ ಮುಂದಿದ್ದರು.

ಹಾಗೆಂದು ಧ್ವನಿಮುದ್ರಣವೊಂದಿದ್ದರೆ ಸಾಕು, ಗುರು ಬೇಡವೆಂದು ನಾನು ಹೇಳುವುದಿಲ್ಲ. ಮನಸೂರರು ತಟ್ಟೆಗಳನ್ನು ಕೇಳಿ ಮನಸೂರರಾದವರಲ್ಲ. ನಾಲ್ವರು ಗುರುಗಳ ಎದುರು ಕುಳಿತು, ಹೇಳಿದ್ದನ್ನು ನೂರು ಸಲ ತಿದ್ದಿಕೊಂಡು ಕಲಿತವರು. ಮುದ್ರಣ ಗಾಯಕರನ್ನು ಹುಟ್ಟಿಸಲಾರದು, ಶ್ರೋತೃಗಳನ್ನು ಹುಟ್ಟಿಸಬಲ್ಲುದು. ಶ್ರೋತೃಗಳಿಲ್ಲದೆ ಗಾಯಕನೂ ಇಲ್ಲವಾದುದರಿಂದ ಇದು ಕಡಿಮೆಯ ಕೆಲಸವಲ್ಲ.

ಕೀರ್ತಿ ಮನಸೂರರನ್ನು ಹುಡುಕಿಕೊಂಡು ಬಂದದ್ದು ತಡವಾಗಿ. ಬಲ್ಲವರು ಅವರನ್ನು ಮೊದಲಿನಿಂದಲೂ ಬಲ್ಲರು. ಲೋಕ ತಿಳಿಯುವಷ್ಟರಲ್ಲಿ ಅವರಿಗೆ ಅರುವತ್ತಾಗಿದ್ದಿತು. 1970ರಲ್ಲಿ ಪದ್ಮಶ್ರೀ, 1971ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1976ರಲ್ಲಿ ಪದ್ಮಭೂಷಣ, 1981ರಲ್ಲಿ ಮಧ್ಯಪ್ರದೇಶ ಸರ್ಕಾರದ ಕಾಳಿದಾಸ ಸಮ್ಮಾನ, 1982ರಲ್ಲಿ ಅಕಾಡೆಮಿಯ ಫೆಲೋಷಿಪ್, 1992ರಲ್ಲಿ ಪದ್ಮವಿಭೂಷಣ. ಎಳವೆಯಲ್ಲಿಯೇ ಶಾಲೆ ಬಿಟ್ಟವರಿಗೆ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಬಹುಮಂದಿ ಗಾಯಕರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಅವರ ಗಾಯನ ಮಾಗಿ ಶಿಖರವನ್ನೇರಿತು. ನಮಗೆ ಉಳಿದಿರುವ ಕಚೇರಿಗಳ ಮುದ್ರಣಗಳಲ್ಲಿ ಹೆಚ್ಚಿನವು ಈ ಮುಪ್ಪಿನ ಕಾಲದವೇ ಆಗಿರುವುದು ನಮ್ಮ ಪುಣ್ಯ.

ಪ್ರಶಸ್ತಿಗಳು ಅವರ ನಡೆಯನ್ನು ಬದಲಿಸಲಿಲ್ಲ. ಕೃಶಕಾಯ, ಸರಳವಾದ ಉಡುಗೆ, ಕೈಯಲ್ಲಿ ಬೀಡಿ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅವರ ಭಕ್ತಿ ಅಪಾರವಾದದ್ದು. ತಮ್ಮ ಮನೆಗೂ ಮೃತ್ಯುಂಜಯ ಎಂದೇ ಹೆಸರಿಟ್ಟರು. ಶಿವಶರಣರ ವಚನಗಳನ್ನು ಹಿಂದುಸ್ತಾನೀ ರಾಗಗಳಲ್ಲಿ ಅಳವಡಿಸಿ ಕಚೇರಿಗೆ ತಂದವರಲ್ಲಿ ಅವರು ಅಗ್ರಗಣ್ಯರು. ಉತ್ತರದ ನಗರಗಳಲ್ಲಿ, ಕನ್ನಡ ಬಾರದವರ ಮುಂದೆಯೂ ಅವರು ವಚನ ಹಾಡಿದರು. ಕನಸು ಕಂಡುದನ್ನು ಅಕ್ಕಮಹಾದೇವಿ ಹೇಳುವ ವಚನವನ್ನು ಅವರು ಭೈರವಿಯಲ್ಲಿ ಹಾಡಿರುವುದನ್ನು ಕೇಳಿದವರು ಮರೆಯಲಾರರು. ಉಸ್ತಾದರ ಮನೆಯಲ್ಲಿ ಕಲಿತ ವಿದ್ಯೆಯೂ ಹಳ್ಳಿಯ ಮನೆಯಲ್ಲಿ ಕೇಳಿ ಬೆಳೆದ ಶರಣರ ನುಡಿಯೂ ಅಲ್ಲಿ ಒಂದಾಗಿವೆ. ತಮ್ಮ ಬಾಳಿನ ಕಥೆಯನ್ನು ನನ್ನ ರಸಯಾತ್ರೆ ಎಂಬ ಪುಸ್ತಕದಲ್ಲಿ ಅವರೇ ಬರೆದಿದ್ದಾರೆ. ಅವರ ಮಗ ರಾಜಶೇಖರ ಮನಸೂರರು ಇಂಗ್ಲಿಷ್ ಅಧ್ಯಾಪಕರಾಗಿದ್ದೂ ತಂದೆಯ ಗಾಯನವನ್ನು ಮುಂದುವರಿಸಿ 2022ರಲ್ಲಿ ತೀರಿಕೊಂಡರು. ಮಗಳು ನೀಲಾ ಕೊಡ್ಲಿಯವರೂ ಗಾಯಕಿಯಾಗಿ ಹೆಸರಾದವರು.

ಕೊನೆಯ ವರ್ಷದವರೆಗೂ ಹಾಡುತ್ತಲೇ ಇದ್ದ ಮಲ್ಲಿಕಾರ್ಜುನ ಮನಸೂರರು 1992ರ ಸೆಪ್ಟೆಂಬರ್ 12ರಂದು ಲಿಂಗೈಕ್ಯರಾದರು. ಅವರು ಬಾಳಿದ ಮೃತ್ಯುಂಜಯ ಇಂದು ಸ್ಮಾರಕವಾಗಿದೆ.

ಇಂದು ನಮ್ಮ ಕೈಯಲ್ಲಿರುವ ಯಂತ್ರದಲ್ಲಿ ಅವರ ಹತ್ತಾರು ಕಚೇರಿಗಳು ಬಿಟ್ಟಿಯಾಗಿ ದೊರೆಯುತ್ತವೆ. ಆದರೆ ನಮ್ಮ ತಾಳ್ಮೆ ಮತ್ತೆ ಆ ಹಳೆಯ ಅರಗಿನ ತಟ್ಟೆಯಷ್ಟಕ್ಕೆ, ಅದಕ್ಕಿಂತಲೂ ಕಡಿಮೆಗೆ ಇಳಿದಿದೆ. ಅರ್ಧ ನಿಮಿಷದ ತುಣುಕು ಮುಗಿಯುವಷ್ಟರಲ್ಲಿ ಬೆರಳು ಮುಂದಕ್ಕೆ ಸರಿಯುತ್ತದೆ. ಅಂದು ಯಂತ್ರಕ್ಕೆ ಶಕ್ತಿಯಿರಲಿಲ್ಲ, ಕೇಳುವವರಿಗಿದ್ದಿತು. ಇಂದು ಯಂತ್ರಕ್ಕಿದೆ, ನಮಗಿಲ್ಲ. ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ಪರೀಕ್ಷೆಗಳು ಮುಗಿದ ಮೇಲೆ ಒಂದು ಸಂಜೆ ಬಿಡುವು ಮಾಡಿಕೊಂಡು, ತಂಬೂರಿಯ ಮೊದಲ ನಾದದಿಂದ ಭೈರವಿಯ ಕೊನೆಯ ಸ್ವರದವರೆಗೆ ಮನಸೂರರ ಒಂದು ಕಚೇರಿಯನ್ನು ನಡುವೆ ನಿಲ್ಲಿಸದೆ ಕೇಳಿರಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಜೊತೆಗೆ ಕೂರಿಸಿಕೊಳ್ಳಿರಿ. ರಾಗದ ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ. ಹಾಗೆ ಒಬ್ಬರಾದರೂ ಕೇಳಿದರೆ ಈ ಲೇಖನ ಬರೆದದ್ದು ಸಾರ್ಥಕ.